ಗುರುವಾರಕ್ಕೊಬ್ಬರು

"ನಡೆದಾಗ ಎದೆ ನೋಯುತ್ತಾ?" ಡಾಕ್ಟರಮ್ಮ ಕೇಳಿದರು.

"ಇಲ್ಲಮ್ಮ, ಒಂದಿನಾನೂ ಇಲ್ಲ," ಎಂದ ದರ್ಜಿ. ಹೇಳಿದ್ದು ಸುಳ್ಳೇನಲ್ಲ. ಪುಣ್ಯಾತ್ಮ ನಡೆದರೆ ತಾನೇ ನೋಯುವುದು!

ಬೈಪಾಸ್ ಆದ ಹೊಸದರಲ್ಲಿ ಹೆಂಡತಿ ದಿನಾ ಸಂಜೆ ಅವನ ಕೈಯಿಂದ ಕತ್ತರಿ ಕಿತ್ತಿಟ್ಟು ಪಾರ್ಕಿನ ಸುತ್ತ ನಡೆಸುತ್ತಿದ್ದಳು. ಅವಳು ತೀರಿಹೋದ ಮೇಲೆ ಅವನಿಗೆ ಸಂಜೆಯೇ ಬೇಡವಾಯಿತು. ಮನೆ ಬಿಟ್ಟು ಅಂಗಡಿಯ ಹಿಂದಿನ ಕೋಣೆಗೆ ಬಂದ. ತುಳಿಯುವ ಮಷೀನಿಗೆ ಮೋಟಾರು ಹಾಕಿಸಿದ. ಊಟ ಪಕ್ಕದ ಹೋಟೆಲಿನಿಂದ ಬರುತ್ತಿತ್ತು. ಎದೆ ಸುಮ್ಮನಿತ್ತು, ಆಪರೇಷನ್ ಗಟ್ಟಿಯಾಗಿದೆ ಎಂದುಕೊಂಡ. ಈಗಲೂ ಬಂದದ್ದು ಮಾತ್ರೆ ಬರೆಸಿಕೊಳ್ಳಲು. ಇಸಿಜಿ ನೋಡಿದ ಡಾಕ್ಟರಮ್ಮ ಎದ್ದೇಬಿಟ್ಟರು.

"ಬನ್ನಿ, ಆ ಕಿಟಕಿವರೆಗೂ ಹೋಗಿ ಬರೋಣ."

ಅರ್ಧ ದಾರಿಯಲ್ಲಿ ದರ್ಜಿ ನಿಂತು, ಗೋಡೆಯ ಮೇಲಿದ್ದ ಪೋಸ್ಟರನ್ನು ಬಲು ಆಸಕ್ತಿಯಿಂದ ಓದತೊಡಗಿದ. ಕೈ ಎದೆಯ ಮೇಲಿತ್ತು.

"ಬಾಣಂತಿ ಆರೈಕೆ ನಿಮಗ್ಯಾಕೆ ಯಜಮಾನ್ರೇ?"

ಅವನಿಗೂ ನಗು ಬಂತು, ಉಸಿರು ಸಾಲಲಿಲ್ಲ. ಡಾಕ್ಟರಮ್ಮ ಬೆಂಚಿನ ಮೇಲೆ ಕೂರಿಸಿದರು. "ಕಾಲಿಂದ ತೆಗೆದು ಹೃದಯಕ್ಕೆ ಜೋಡಿಸಿದ್ರಲ್ಲ ರಕ್ತನಾಳ, ವರ್ಷಗಳಾದ್ಮೇಲೆ ಎಷ್ಟೋ ಜನಕ್ಕೆ ಅದು ಕಟ್ಟಿಕೊಳ್ಳುತ್ತೆ. ನಡೀದೇ ಇದ್ದಿದ್ರಿಂದ ನಿಮಗೆ ಗೊತ್ತಾಗಿಲ್ಲ. ತಡ ಮಾಡಿದ್ರೆ ಜೀವಕ್ಕೇ ಅಪಾಯ. ಗುರುವಾರ ರಕ್ತನಾಳದೊಳಗೆ ಟ್ಯೂಬ್ ಬಿಟ್ಟು ನೋಡಿ, ಆಗೋ ಹಾಗಿದ್ರೆ ಸ್ಟೆಂಟ್ ಹಾಕ್ತೀವಿ. ನಿಮ್ಮವರು ಒಬ್ರು ಜೊತೇಲಿ ಇರ್ಲೇಬೇಕು."

"ನಾನಿರ್ತೀನಲ್ಲಮ್ಮ."

"ನಿಮ್ಮನ್ನ ಬಿಟ್ಟು."

ಆಟೊದಲ್ಲಿ ಕೂತು ಒಬ್ಬೊಬ್ಬರನ್ನೇ ನೆನೆದ. ಊರಿನ ಅರ್ಧ ಜನರ ಸೊಂಟದ ಅಳತೆ ಗೊತ್ತಿತ್ತು. ಹೀಗೆ ಕರೆಯುವಷ್ಟು ಸಲಿಗೆ ಒಬ್ಬರಲ್ಲೂ ಇರಲಿಲ್ಲ. ಮೊದಲು ನಾಚಿಕೆಯಾಯಿತು, ಆಮೇಲೆ ಹೆದರಿಕೆಯಾಯಿತು.

ಅಂಗಡಿ ಮುಂದೆ ಇಳಿದಾಗ ಬೀಗ ರಿಪೇರಿಯವನು ಎಂದಿನಂತೆ ರಸ್ತೆಯಾಚೆಯಿಂದ ಕೂಗಿದ: "ಏನಯ್ಯಾ ಕತ್ತರಿ, ಇನ್ನೂ ಇದೀಯಾ?"

'ನಿನ್ನ ಸಾಗಹಾಕೋಕೆ ಇದೀನಿ' ಎಂದು ಇವನು ಕೂಗಬೇಕು. ಅವರ ಸ್ನೇಹವೆಲ್ಲ ಈ ಕೂಗಾಟದಲ್ಲೇ ಮುಗಿಯುತ್ತಿತ್ತು; ಒಬ್ಬರ ಅಂಗಡಿಗೆ ಒಬ್ಬರು ಕಾಲಿಟ್ಟವರಲ್ಲ. ಇವತ್ತು ದರ್ಜಿ ಕೂಗದೆ ರಸ್ತೆ ದಾಟತೊಡಗಿದ. ನಡುವೆ ನಿಂತ. ಬೈಕಿನವನೊಬ್ಬ ಬೈದುಕೊಂಡು ಹೋದ. ಮತ್ತೆ ನಡೆದ.

ಬೀಗದವನು ಕೈಲಿದ್ದ ಅರ ಕೆಳಗಿಟ್ಟು ಎದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿ ದರ್ಜಿ, "ಗುರುವಾರ... ಆಸ್ಪತ್ರೆಗೆ ನಮ್ಮೋರು ಅಂತ ಒಬ್ರು ಬೇಕಂತೆ ಕಣೋ," ಎಂದ.

ಬೀಗದವನು ಸ್ಟೂಲು ಎಳೆದು ಕೂರಿಸಿದ. ಮೂಲೆಯಿಂದ ರಟ್ಟೊಂದನ್ನು ತೆಗೆದು, ಸೀಮೆಸುಣ್ಣದಲ್ಲಿ 'ಗುರುವಾರ ರಜೆ' ಎಂದು ದಪ್ಪಗೆ ಬರೆದು, ಬಾಗಿಲಿಗೆ ಸಿಕ್ಕಿಸಿದ. ಆಮೇಲೆ ದರ್ಜಿಯ ಬಾಗಿಲಿಗಾಗುವಂಥ ಇನ್ನೊಂದು ರಟ್ಟನ್ನು ಹುಡುಕತೊಡಗಿದ.