ತೂತಿಲ್ಲದ ಡ್ರಮ್

ಕರೆಗಂಟೆ ಇದ್ದರೂ ಬಂದವರು ಅದನ್ನು ಒತ್ತಲಿಲ್ಲ. ಅಂಗೈಯಿಂದ ಬಾಗಿಲು ಬಡಿದರು. ಸಂಯುಕ್ತಾ ರಾತ್ರಿಯೂಟದ ತಟ್ಟೆ ಬಿಟ್ಟು ಎದ್ದು ಬಾಗಿಲು ತೆರೆದಳು. ಹೊರಗೆ ಮಾನಪ್ಪ ನಿಂತಿದ್ದ. ಡೊಂಬಿವಲಿಯ ಕಾರ್ಖಾನೆಯ ನೀಲಿ ಅಂಗಿ ಇನ್ನೂ ಮೈಮೇಲಿತ್ತು. ಐರೋಲಿಯ ಈ ಮನೆಗೆ ಅವನು ಹಿಂದೆಂದೂ ಬಂದವನಲ್ಲ. ನಮಸ್ಕಾರ ಹೇಳಲಿಲ್ಲ, ಒಳಗೆ ಬರಲೇ ಎಂದು ಕೇಳಲಿಲ್ಲ. ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಅವಳ ಮುಖದ ಹತ್ತಿರ ಹಿಡಿದ.

"ವಾಸನಿ ನೋಡ್ರಿ, ಮೇಡಮ್ಮರ."

ತಿಳಿ ನೀರು. ಆದರೆ ಅದರಿಂದ ಬೂಟ್ ಪಾಲಿಶಿನ ವಾಸನೆ ಎದ್ದಿತು. ಅದೇ ಬಣ್ಣದ ಕಾರ್ಖಾನೆಯಲ್ಲಿ ಸುರಕ್ಷಾ ಅಧಿಕಾರಿಯಾದ ಸಂಯುಕ್ತಾಳಿಗೆ ಆ ವಾಸನೆಯ ಪರಿಚಯ ಹೇಳಬೇಕಾಗಿರಲಿಲ್ಲ. ನೈಟ್ರೊಬೆಂಜೀನ್. ಮೂಗಿನಿಂದ ಮಾತ್ರವಲ್ಲ, ಚರ್ಮದ ಮೂಲಕವೂ ರಕ್ತಕ್ಕೆ ಇಳಿಯುವ ವಿಷ.

"ಇದು ಎಲ್ಲಿ ಸಿಕ್ತು ನಿಮಗೆ?"

"ನಮ್ ತಂಗಿ ಮನ್ಯಾಗ. ಕೂಸಿನ ತುಟಿ, ಉಗುರು ಎಲ್ಲಾ ನೀಲಿ ಆಗ್ಯಾವ್ರಿ. ಕಲ್ಯಾಣದ ದವಾಖಾನ್ಯಾಗ ಅದಾಳ. ಡಾಕ್ಟರ್ರಿಗಿ ಇದರ ಹೆಸರು ಹೇಳ್ಲಾಕ ನನಗ ಬರಂಗಿಲ್ರಿ. ನಿಮ್ ಫೋನ್ ಹತ್ಲಿಲ್ಲ."

ಸಂಯುಕ್ತಾ ಆಸ್ಪತ್ರೆಗೆ ಫೋನ್ ಮಾಡಿ ದ್ರವದ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿದಳು. ಆ ಕಡೆಯ ವೈದ್ಯರು ಯಾರಿಗೋ ಕೂಗಿ ಔಷಧದ ಹೆಸರು ಹೇಳಿದ್ದು ಕೇಳಿಸಿತು. ಮಾನಪ್ಪ ಹೊಸ್ತಿಲ ಹೊರಗೇ ನಿಂತು ಬಾಟಲಿಯ ಮುಚ್ಚಳವನ್ನು ಮತ್ತೆ ಮತ್ತೆ ಬಿಗಿಮಾಡುತ್ತಿದ್ದ.

ಮಗು ಉಳಿಯಿತು. ಬೆಳಗಿನ ಹೊತ್ತಿಗೆ ತುಟಿಯ ಬಣ್ಣ ತಿಳಿಯಾಯಿತು, ಆದರೆ ಕಣ್ಣು ತೆರೆದು ಅಮ್ಮನನ್ನು ಗುರುತಿಸಲು ಇನ್ನೂ ಒಂದು ದಿನ ಬೇಕಾಯಿತು. ಮುಂದೆ ಏನಾದರೂ ಊನ ಉಳಿಯುವುದೇ ಎಂಬ ಪ್ರಶ್ನೆಗೆ ವೈದ್ಯರು ನೇರ ಉತ್ತರ ಕೊಡಲಿಲ್ಲ. ಕಾದು ನೋಡಬೇಕು ಎಂದರು.

ಕಾರ್ಖಾನೆಯಲ್ಲಿ ಆ ಎರಡು ದಿನಗಳೂ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಮಾನಪ್ಪನ ತಂಗಿ ನೀರು ತುಂಬಿಟ್ಟಿದ್ದ ಡ್ರಮ್ ತೂತಿಲ್ಲದೆ ಕಾರ್ಖಾನೆಯಿಂದ ಹೊರಗೆ ಹೋದದ್ದು ಹೇಗೆ? ವಿಷದ ದ್ರವ ತುಂಬಿ ಬಂದ ನೀಲಿ ಪ್ಲಾಸ್ಟಿಕ್ ಡ್ರಮ್ಮು ಖಾಲಿಯಾದ ಮೇಲೆ ತಳಕ್ಕೂ ಪಕ್ಕಕ್ಕೂ ತೂತು ಬೀಳದೆ ಗೇಟು ದಾಟಬಾರದು. ಇಲ್ಲವಾದರೆ ಅದು ನೇರ ಭಂಗಾರ್ ಎನ್ನುವ ಗುಜರಿ ಅಂಗಡಿಗೆ, ಅಲ್ಲಿಂದ ನಲ್ಲಿ ನೀರಿಗೆ ಪರದಾಡುವ ಯಾವುದೋ ಚಾಳಿನ ಸಾಲುಮನೆಗೆ ಹೋಗುತ್ತದೆ. ಈ ನಿಯಮ ಬಹಳ ಕಾಲ ಕಾಗದದಲ್ಲಿ ಮಾತ್ರ ಇತ್ತು. ಸಂಯುಕ್ತಾ ಬಂದ ಮೇಲೆ ಅದನ್ನು ಮೂರು ಭಾಷೆಗಳಲ್ಲಿ ಹಲಗೆಯ ಮೇಲೆ ಬರೆಸಿ ಅಂಗಳದಲ್ಲಿ ನಿಲ್ಲಿಸಿದಳು, ಮೊನೆಯಿರುವ ಒಂದು ಉದ್ದನೆಯ ಕಬ್ಬಿಣದ ಸಲಾಕೆ ಮಾಡಿಸಿದಳು, ಅದನ್ನು ಮಾನಪ್ಪನ ಕೈಗೆ ಕೊಟ್ಟಳು.

ಯಾದಗಿರಿ ಕಡೆಯಿಂದ ಬಂದ ಮಾನಪ್ಪನನ್ನು ಕಂಡರೆ ಗೇಟಿನವರಿಗೆಲ್ಲ ಒಂದು ಹಳೆಯ ನಗು. ಮೊದಲ ದಿನ ವಾಚ್‌ಮನ್ ಮರಾಠಿಯಲ್ಲಿ "ನಾವ್?" ಎಂದು ಹೆಸರು ಕೇಳಿದಾಗ, ಅವನು ತನ್ನ ಜೊತೆಗಿದ್ದವರನ್ನು ತೋರಿಸಿ "ನಾವ್ ಮೂರ್ ಮಂದಿ" ಎಂದಿದ್ದನಂತೆ. ಅಂದಿನಿಂದ ಅವನು ಒಬ್ಬನೇ ಬಂದರೂ ಗೇಟಿನವರು "ಉಳಿದ ಇಬ್ಬರು ಎಲ್ಲಿ?" ಎಂದು ಕೇಳುವುದು ರೂಢಿಯಾಗಿತ್ತು. ಈಗ ಯಾರೂ ಹಾಗೆ ಕೇಳುತ್ತಿರಲಿಲ್ಲ.

ಮ್ಯಾನೇಜರ್ ಕುಶಲ ಬಾಗಿಲು ಹಾಕಿಕೊಂಡು ಸಂಯುಕ್ತಾಳನ್ನು ಕೂರಿಸಿದರು. ಮಂಗಳೂರು ಕಡೆಯವರು; ದನಿ ಎತ್ತುವ ಅಭ್ಯಾಸ ಅವರಿಗಿರಲಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಇನ್ಸ್‌ಪೆಕ್ಟರ್ ಸೋಮವಾರ ಬರುತ್ತಾರೆ, ಅವರಿಗೆ ಒಂದು ಹೆಸರು ಬೇಕು, ಹೆಸರು ಸಿಗದಿದ್ದರೆ ಕಾರ್ಖಾನೆಗೇ ಬೀಗ ಎಂದು ವಿವರಿಸಿದರು.

"ಸಲಾಕೆ ಯಾರ ಕೈಯಲ್ಲಿ ಇದ್ದದ್ದು ಹೇಳಿ? ಅವನದ್ದೇ ಹೆಸರು ಹೋಗ್ತದೆ. ನೀವು ಯಾಕೆ ತಲೆ ಬಿಸಿ ಮಾಡ್ತೀರಿ ಮಾರಾಯ್ರೆ?"

"ಸ್ವಂತ ತಂಗಿಯ ಮಗೂಗೆ ವಿಷ ಹಾಕ್ತಾನಾ ಸಾರ್ ಅವನು? ಯಾರೋ ತಡೆದಿದಾರೆ. ಅವನು ಬಾಯಿ ಬಿಡ್ತಿಲ್ಲ, ಅಷ್ಟೇ."

ಆ ನಂಬಿಕೆಯಿಂದಲೇ ಅವಳು ಮಾನಪ್ಪನನ್ನು ಅಂಗಳದ ಮೂಲೆಗೆ ಕರೆದು ಕೇಳಿದಳು. ಅವನು ನೆಲ ನೋಡಿದ. ತಪ್ಪು ತನ್ನದೇ ಎಂದ. ಯಾವ ದಿನ ಎಂದರೆ ನೆನಪಿಲ್ಲ ಎಂದ. ಯಾರಾದರೂ ಬೇಡ ಅಂದರೇ ಎಂದರೆ ಕೆಲಸವಿದೆ ಎಂದು ಹೊರಟ. ಅವನ ಜೊತೆಗಾರ ರೇವಣಸಿದ್ದನನ್ನು ಕೇಳಿದರೆ ಅವನು ಸಂಯುಕ್ತಾಳ ಮುಖವನ್ನು ಒಂದು ಥರ ನೋಡಿ ಬೇರೆ ಕಡೆ ತಿರುಗಿದ. ಇಡೀ ಅಂಗಳ ಯಾರನ್ನೋ ಕಾಪಾಡುತ್ತಿತ್ತು. ಭಂಗಾರ್ ಅಂಗಡಿಯ ಮನೀಶ ಇವರ ಬಾಯಿ ಮುಚ್ಚಿಸಿದ್ದಾನೆಯೇ? ಅಥವಾ ಕುಶಲರೇ? ಅವರಿಗೆ ಒಂದು ಹೆಸರು ಬರೆಸುವ ಅವಸರ ಏಕಿಷ್ಟು?

ಭಾನುವಾರ ಅವಳು ಡ್ರಮ್ಮನ್ನೇ ನೋಡಲು ಹೋದಳು.

ಮಾನಪ್ಪನ ತಂಗಿ ಸುಲೋಚನಾ ಇದ್ದದ್ದು ಕಾರ್ಖಾನೆಗಳ ಹಿಂದಿನ ಚಾಳಿನಲ್ಲಿ. ಬಟ್ಟೆ ತರಲೆಂದು ಆಸ್ಪತ್ರೆಯಿಂದ ಬಂದಿದ್ದಳು. ಚಹಾ ಮಾಡಲು ಹೊರಟವಳನ್ನು ಸಂಯುಕ್ತಾ ತಡೆಯಲು ನೋಡಿದಳು, ಆಗಲಿಲ್ಲ. ಸ್ಟೋವಿನ ಮುಂದೆ ಕೂತೇ ಸುಲೋಚನಾ ಎಲ್ಲವನ್ನೂ ಹೇಳಿದಳು. ಕುಡಿಯಲು ಸ್ಟೀಲಿನ ಕೊಡ, ಮೈ ತೊಳೆಯಲು ಡ್ರಮ್ಮು. ದೊಡ್ಡವರು ನಸುಕಿನಲ್ಲೇ ನಲ್ಲಿಯ ಹತ್ತಿರ ಮುಗಿಸುತ್ತಿದ್ದರು, ಡ್ರಮ್ಮಿನ ನೀರು ಮಗಳು ಸೌಜನ್ಯಳಿಗೆ. ವಾಸನೆ ಬಂದಿತ್ತು, ಶಾಲೆಯ ಬೂಟಿನದ್ದು ಎಂದುಕೊಂಡಿದ್ದಳು. ಅಂದು ಮಗಳ ತುಟಿ ಕಪ್ಪುನೀಲಿಯಾದಾಗ ರಸ್ತೆಯ ಗಾಡಿಯಲ್ಲಿ ಕಾಲಾ ಖಟ್ಟಾ ಎಂಬ ಕಪ್ಪುನೀಲಿ ಶರಬತ್ತಿನ ಐಸ್ ಗೋಲಾ ತಿಂದಿದ್ದಾಳೆ ಎಂದು ಬೈದಳು.

"'ಮೈನೆ ಗೋಲಾ ನಹೀ ಖಾಯಾ, ಆಯೀ' ಅಂತ, ತಿಂದೇ ಇಲ್ಲ ಅಂತ ಒಂದೇ ಸಮ ಅಂದಳ್ರಿ. ಕನ್ನಡದಾಗ ಹೇಳಂದ್ರೂ ಹಿಂದ್ಯಾಗೇ. ಸುಳ್ಳ ಹೇಳ್ತಿ ಅಂತ ಒಂದೇಟು ಕೊಟ್ಟು, ಬಾಯಿ ತಿಕ್ಕಿ, ಇನ್ನೊಮ್ಮಿ ತಲೀ ಮ್ಯಾಲ ನೀರು ಹಾಕಿದ್ನಿ." ಸುಲೋಚನಾ ಚಹಾದ ಪಾತ್ರೆಯನ್ನೇ ನೋಡುತ್ತಿದ್ದಳು. "ಅದೇ ಡ್ರಮ್ಮಿನ ನೀರ್ರಿ."

ಡ್ರಮ್ಮು ಹೊರಗೆ ಮೋರಿಯ ಪಕ್ಕ ಮಗುಚಿ ಬಿದ್ದಿತ್ತು. ಸಂಯುಕ್ತಾ ಕೈಗವಸು ಹಾಕಿಕೊಂಡು ಅದನ್ನು ಹೊರಳಿಸಿದಳು. ತೂತನ್ನು ಮುಚ್ಚಿದ ಅಂಟಿನ ಗುರುತು ಎಲ್ಲೂ ಇರಲಿಲ್ಲ. ಹಾಗಾದರೆ ಮನೀಶನ ಕೈವಾಡವಲ್ಲ. ಇದಕ್ಕೆ ಸಲಾಕೆ ಮುಟ್ಟಿಯೇ ಇರಲಿಲ್ಲ.

"ಅಷ್ಟೊಂದು ಡ್ರಮ್ಮಲ್ಲಿ ಇದನ್ನೇ ಯಾಕೆ ತಂದ್ರಿ?" ಎಂದು ಅವಳು ಕೇಳಿದ್ದು ಸುಮ್ಮನೆ, ಮಾತಿಗೆ.

"ಭಂಗಾರದವ ಯಾವುದರ ಒಯ್ಯವ್ವ ಅಂದ. ಇದಕ್ಕ ಪೂಜಿ ಆಗಿತ್ತಲ್ರಿ. ಗಂಗವ್ವ ಮನೀಗಿ ಬಂದಂಗ ಆತು ಅಂತ ಆರಿಸ್ಕೊಂಡ್ ಬಂದ್ನಿ. ಅದೊಂದು ಅಳಿಸಿಲ್ರಿ ನಾ, ತೊಳಿವಾಗ ಬಟ್ಟಿ ಕಟ್ಟಿ ತೊಳದೀನಿ."

ಸುಲೋಚನಾ ಬಾಗಿ ಡ್ರಮ್ಮಿನ ಕುತ್ತಿಗೆಯ ಕೆಳಗೆ ಬೆರಳಿಟ್ಟು ತೋರಿಸಿದಳು. ಅಲ್ಲಿ ಅಗಲವಾದ ಅರಿಶಿನದ ಬೊಟ್ಟು, ಅದರ ನಟ್ಟನಡುವೆ ಚಿಕ್ಕ ಕುಂಕುಮ. ಮಾನಪ್ಪನವರು ಯಂತ್ರಕ್ಕೆ ಭಂಡಾರದ ಅರಿಶಿನಪುಡಿ ಎರಚುತ್ತಾರೆ, ಇಲ್ಲವೇ ವಿಭೂತಿಯ ಗೆರೆ ಎಳೆಯುತ್ತಾರೆ. ಮರಾಠಿಯವರು ಚೆಂಡು ಹೂವಿನ ಮಾಲೆ ಹಾಕಿ ಮುಗಿಸುತ್ತಾರೆ. ಹೀಗೆ ಅರಿಶಿನದ ಮೇಲೆ ಕುಂಕುಮವನ್ನು ಉಂಗುರದ ಬೆರಳಿನಿಂದ ಅದುಮಿ ಇಡುವುದು ಮೈಸೂರಿನ ಒಂದು ಮನೆಯ ಅಭ್ಯಾಸ. ಸಂಯುಕ್ತಾಳಿಗೆ ಅದನ್ನು ಕಲಿಸಿದವರು ಅವಳ ಅಜ್ಜಿ ಶಾಂತಮ್ಮ.

ಅವಳು ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕೂತಳು.

ಆಯುಧಪೂಜೆಯ ಮಧ್ಯಾಹ್ನ. ಊರಿಗೆ ಹೊರಡುವ ಸಂಭ್ರಮದಲ್ಲಿ ಅವಳು ಅಂಗಳವಿಡೀ ಬಟ್ಟಲು ಹಿಡಿದು ಓಡಾಡಿದ್ದಳು. ದೊಡ್ಡ ಯಂತ್ರಗಳಿಗೆಲ್ಲ ಪೂಜೆಯಾಗಿ, ಮಾನಪ್ಪ ತನ್ನ ಸಲಾಕೆಯನ್ನು ಗೋಡೆಗೆ ಒರಗಿಸಿಕೊಂಡು ದೂರ ನಿಂತಿದ್ದ. ಅದಕ್ಕೇಕೆ ಪೂಜೆಯಿಲ್ಲ ಎಂದು ಕೇಳಿ, ಅವಳೇ ಅದನ್ನು ತೊಳೆಸಿ, ಅರಿಶಿನ ಕುಂಕುಮ ಇಟ್ಟು, ಮೊನೆಗೆ ಹೂವು ಸುತ್ತಿದ್ದಳು. ಪಕ್ಕದಲ್ಲಿ ಸಾಲಾಗಿದ್ದ ಖಾಲಿ ಡ್ರಮ್ಮುಗಳಿಗೂ ಒಂದೊಂದು ಬೊಟ್ಟು. ಮಾನಪ್ಪ ಮುಖವಿಡೀ ನಗುತ್ತ ಕೈಮುಗಿದಿದ್ದ. ಆಮೇಲೆ ಡ್ರಮ್ಮುಗಳ ಕಡೆ ಕೈತೋರಿಸಿ, ಇವಕ್ಕೆ ತೂತು ಹಾಕಲೇ ಎಂದೇನೋ ಕೇಳಿದ್ದ. ಹೊರಗೆ ಟ್ಯಾಕ್ಸಿ ಹಾರ್ನ್ ಹಾಕುತ್ತಿತ್ತು. "ಪೂಜೆ ಆದ ಆಯುಧ ಎತ್ತಬಾರದು ಮಾನಪ್ಪ. ಹಬ್ಬ ಮುಗೀಲಿ" ಎಂದು ಅವಳು ನಗುತ್ತಲೇ ಹೇಳಿದ್ದಳು. ಮರುದಿನ ಬಂದ ಭಂಗಾರ್ ಅಂಗಡಿಯ ಟೆಂಪೊ ಅಂಗಳದಲ್ಲಿ ಇದ್ದುದನ್ನೆಲ್ಲ ಒಯ್ದಿರಬೇಕು.

"ಚಹಾ ಆರ್ತದ್ರಿ," ಎಂದಳು ಸುಲೋಚನಾ.

"ನಿಮ್ಮಣ್ಣ ಯಾಕೆ ಹೇಳ್ಲಿಲ್ಲ?"

"ನನಗೂ ಹೇಳಿಲ್ರಿ, ರೇವಣಸಿದ್ದ ಹೇಳ್ದ. ಅಣ್ಣಗ ಕೇಳಿದ್ರ ಏನಂದ ಗೊತ್ತದೇನ್ರಿ? 'ನನ್ನ ಸಲಾಕಿಗಿ ಕೈ ಮುಗದಾಕಿ ಆಕಿ ಒಬ್ಬಾಕಿನೇ. ಆಕಿ ಹೆಸರು ನನ್ ಬಾಯಾಗ ಹೆಂಗ ಬಂದೀತು' ಅಂದ." ಸುಲೋಚನಾ ಮುಂದುವರಿಸಿದಳು: "ನನಗ ಸಿಟ್ಟು ಅದ್ರಿ ಮೇಡಮ್ಮರ. ಆದ್ರ ದವಾಖಾನಿಗಿ ಫೋನ್ ಮಾಡಿದಾಕಿನೂ ನೀವೇ. ಏನ್ ಮಾಡ್ಬೇಕು ನನಗ ತಿಳಿಯಂಗಿಲ್ಲ."

ಸಂಯುಕ್ತಾ ಚಹಾ ಕುಡಿದಳು. ಅದು ತಣ್ಣಗಾಗಿತ್ತು.

ಸೋಮವಾರ ಇನ್ಸ್‌ಪೆಕ್ಟರ್ ಬಂದರು. ಅಂಗಳದಲ್ಲೇ ಮೇಜು ಹಾಕಿಸಿಕೊಂಡು, ಮೂರು ಭಾಷೆಯ ಹಲಗೆಯನ್ನು ನಿಧಾನವಾಗಿ ಓದಿದರು. ಮರಾಠಿಯ ಸಾಲಿನಲ್ಲಿದ್ದ ಒಂದು ತಪ್ಪನ್ನು ತೋರಿಸಿದರು ಕೂಡ. ಕುಶಲ ಮಾನಪ್ಪನನ್ನು ಮುಂದಕ್ಕೆ ಕರೆದರು. ಅವನು ಒಗೆದ ಅಂಗಿ ತೊಟ್ಟು, ಕೆಲಸ ಹೋಗುವುದನ್ನು ಆಗಲೇ ಒಪ್ಪಿಕೊಂಡವನಂತೆ ಕೈ ಕಟ್ಟಿ ನಿಂತ. ಸಲಾಕೆ ಗೋಡೆಗೆ ಒರಗಿತ್ತು. ಅದರ ಮೊನೆಗೆ ಸುತ್ತಿದ್ದ ಹೂವು ಒಣಗಿ, ದಾರವೊಂದೇ ಉಳಿದಿತ್ತು. ಬಿಚ್ಚಲು ಯಾರಿಗೂ ಮನಸ್ಸಾಗಿರಲಿಲ್ಲ.

ತೂತು ಹಾಕದೆ ಬಿಡಲು ಹೇಳಿದವರು ಯಾರು ಎಂದು ಇನ್ಸ್‌ಪೆಕ್ಟರ್ ಮರಾಠಿಯಲ್ಲಿ ಕೇಳಿದರು. ಯಾರೂ ಹೇಳಲಿಲ್ಲ, ತಾನೇ ಬಿಟ್ಟೆ ಎಂದ ಮಾನಪ್ಪ. ಅವರು ತಲೆಯಾಡಿಸಿ ಪೆನ್ನಿನ ಮುಚ್ಚಳ ತೆಗೆದರು.

"ನಾವ್?"

ಮಾನಪ್ಪ ಬಾಯಿ ತೆರೆದ. ಅಷ್ಟರಲ್ಲಿ ಸಂಯುಕ್ತಾ ಮೇಜಿನ ಬಳಿಗೆ ಬಂದು ಅವನ ಪಕ್ಕ ನಿಂತಳು.

"ಸಂಯುಕ್ತಾ ರಮಾಕಾಂತ."