ಹದಿಮೂರನೆಯ ತಿಂಗಳ ಸಾಲುಗಳು

ಬೆಟ್ಟಗಳಿಗೆ ಇನ್ನೂ ಹೆಸರು ಹುಡುಕುತ್ತಿದ್ದ ಕಾಲದಲ್ಲಿ ದೇವರು ತಿಂಗಳುಗಳನ್ನೆಲ್ಲ ಊಟಕ್ಕೆ ಕರೆದನಂತೆ. ಹನ್ನೆರಡು ಮಂದಿ ಅಕ್ಕತಂಗಿಯರು ಮೂವತ್ತು ಮೂವತ್ತು ನೆರಿಗೆಯ ಬಿಳಿ ಬಟ್ಟೆ ಉಟ್ಟು ಬಂದರಂತೆ. ಬಾಗಿಲಲ್ಲಿದ್ದ ಕಾವಲುಗಾರ ಒಬ್ಬೊಬ್ಬಳ ಹೆಸರು ಕೇಳಿ, ಪಟ್ಟಿ ನೋಡಿ, ಅವಳವಳ ಜಾಗದಲ್ಲಿ ಕೂರಿಸಿದನಂತೆ. ಎಲ್ಲರೂ ಕೂತ ಮೇಲೆ ಮಳೆಯಲ್ಲಿ ನೆನೆದು ತೊಪ್ಪೆಯಾದ ಒಬ್ಬ ಪುಟ್ಟ ಹುಡುಗಿ ಬಂದಳು. ಅವಳ ಬಟ್ಟೆಗೆ ಐದೇ ನೆರಿಗೆ. ನಾನು ಪಾಗುಮೆ, ಎಲ್ಲರಿಗಿಂತ ಕಿರಿಯವಳು ಅಂದಳು. ಕಾವಲುಗಾರನ ಪಟ್ಟಿಯಲ್ಲಿ ಹನ್ನೆರಡೇ ಹೆಸರು. ಅವನು ಕೆಟ್ಟವನಲ್ಲ, ಹೊರಗೆ ತಳ್ಳಲಿಲ್ಲ. ನಿನ್ನ ಜಾಗ ಯಾವುದೋ ನನಗೆ ಗೊತ್ತಿಲ್ಲ ಮಗಳೇ, ಎಲ್ಲಿ ಖಾಲಿ ಇದೆಯೋ ಅಲ್ಲಿ ಕೂತುಕೋ ಅಂದನಂತೆ.

ಅಜ್ಜಿ ಈ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದಳು. ಆಮೇಲೇನಾಯಿತು ಎಂದು ನಾನು ಎಷ್ಟು ಪೀಡಿಸಿದರೂ ಅದು ಕಾವಲುಗಾರನಿಗೇ ಗೊತ್ತು ಎಂದು ಹೊದಿಕೆ ಎಳೆದುಕೊಳ್ಳುತ್ತಿದ್ದಳು. ಅಜ್ಜಿ ಹೋದಳು. ಆ ಕಾವಲುಗಾರ ನಾನೇ ಎಂದು ತಿಳಿಯಲು ನನಗೆ ಇಪ್ಪತ್ತಾರು ವರ್ಷ ತುಂಬಬೇಕಾಯಿತು.

ಮೆದಾರಾ ಅಣೆಕಟ್ಟಿನ ಕಚೇರಿಯಲ್ಲಿ ನನ್ನ ಕೆಲಸ ಯಂತ್ರಗಳ ದಿನಚರಿ ನೋಡಿಕೊಳ್ಳುವುದು. ಗೇಟಿನ ಮನೆಯಲ್ಲಿ ಒಂದು ಕಂಪ್ಯೂಟರ್, ಗುಡ್ಡದ ಮೇಲಿನ ಸೈರನ್ ಮನೆಯಲ್ಲಿ ಇನ್ನೊಂದು. ಗೇಟು ಎತ್ತಿದರೆ ಅದು ಒಂದು ಸಾಲು ಬರೆಯುತ್ತದೆ, ಸೈರನ್ ಕೂಗಿದರೆ ಇದು ಒಂದು ಸಾಲು. ಎಡಕ್ಕೆ ನಮ್ಮ ಪಂಚಾಂಗದ ತಾರೀಖು ಮತ್ತು ಸೂರ್ಯ ಹುಟ್ಟಿದಲ್ಲಿಂದ ಎಣಿಸಿದ ಗಂಟೆ, ಬಲಕ್ಕೆ ನಡೆದ ಸಂಗತಿ. ಈ ಸಾಲುಗಳು ತಂತಿಯ ಮೇಲೆ ಕೆಳಗಿನ ಕಚೇರಿಗೆ ಬರುತ್ತವೆ. ಬಂದವನ್ನೆಲ್ಲ ಹೊತ್ತಿನ ಪ್ರಕಾರ ಒಂದರ ಕೆಳಗೊಂದು ಜೋಡಿಸಿ ಒಂದೇ ಲಾಗ್ ಕಡತ ಮಾಡುವ ಪ್ರೋಗ್ರಾಂ ನಾನು ಬರೆದದ್ದು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಬರೆದೆ. ಆಗ ಎಲ್ಲರೂ ಹೊಗಳಿದರು. ಹಾಲು ತುಂಬಿದ ಗಡಿಗೆ ಹೊತ್ತವಳ ಹಾಗೆ ಒಂದು ವಾರ ನೆಟ್ಟಗೆ ನಡೆದಿದ್ದೆ.

ಹನ್ನೆರಡು ತಿಂಗಳಾದ ಮೇಲೆ ವರ್ಷದ ಕೊನೆಗೆ ಬರುವ ಐದು ದಿನದ ಪಾಗುಮೆಯಲ್ಲಿ ಮೂರನೆಯ ದಿನ ರೂಫಾಯೆಲ್ ದೇವದೂತನ ದಿನ. ಅಂದು ಬೀಳುವ ಮಳೆಯೂ ಹರಿಯುವ ಹೊಳೆಯೂ ತೀರ್ಥ. ಬೆಳಗಾಗುತ್ತಲೇ ಊರೆಲ್ಲ ನೀರಿಗಿಳಿಯುತ್ತದೆ. ನಮ್ಮನ್ನು ಬೆಳೆಸು, ಬೆಳೆಸು ಎಂದು ಮಕ್ಕಳು ಮಳೆಯಲ್ಲಿ ಕುಣಿಯುತ್ತವೆ. ಮಳೆಗಾಲದ ಕೊನೆಯಾದ್ದರಿಂದ ಅಣೆಕಟ್ಟೂ ಅದೇ ಹೊತ್ತಿಗೆ ಕಂಠಮಟ್ಟ ತುಂಬಿರುತ್ತದೆ. ಗೇಟು ಎತ್ತುವ ಮುಂಚೆ ಸೈರನ್ ಮೂರು ಸಲ ಕೂಗಬೇಕು, ಕೂಗಿಗೂ ಕೂಗಿಗೂ ಹತ್ತು ನಿಮಿಷ ಬಿಡಬೇಕು, ಮೂರನೆಯದಾದ ಮೇಲೆ ಕಾಲು ಗಂಟೆ ಕಾಯಬೇಕು. ಇದು ನಿಯಮ. ನಮ್ಮ ಕಣಿವೆಯ ಜನ ಆ ಮೂರು ಕೂಗಿಗೆ ಕಾಫಿಯ ಮೂರು ಸುತ್ತಿನ ಹೆಸರನ್ನೇ ಇಟ್ಟಿದ್ದಾರೆ: ಅಬೋಲ್, ತೋನಾ, ಬರಕಾ. ಬರಕಾ ಕುಡಿಯದೆ ಯಾರೂ ಕಾಫಿಯ ಮುಂದಿಂದ ಏಳುವುದಿಲ್ಲ. ಹಾಗೆಯೇ ಬರಕಾ ಕೂಗುವ ತನಕ ಹೊಳೆಯಿಂದಲೂ ಏಳುವುದಿಲ್ಲ.

ಹೋದ ವರ್ಷ ಆ ದಿನ ನೀರು ಬಂದಾಗ ಅತ್ಸೆದೆ ಹೊಳೆಯ ನಡುವಿನ ಬಂಡೆಯ ಮೇಲಿದ್ದಳು. ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವಳು. ಜೊತೆಗಿದ್ದ ಅವಳ ಅಕ್ಕ ಅಲ್ಗಾನೆಶ್ ಬೇರು ಹಿಡಿದು ಉಳಿದಳು. ಅತ್ಸೆದೆ ಸಿಕ್ಕಿದ್ದು ಎರಡು ದಿನದ ಮೇಲೆ, ಸೇತುವೆಯ ಕೆಳಗೆ.

ಗುಡುಗಿನ ನಡುವೆ ಸೈರನ್ ಯಾವಾಗ ಕೂಗಿತು ಎಂಬುದಕ್ಕೆ ಊರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ವಿಚಾರಣೆಗೆ ಬಂದವರು ಲಾಗ್ ಕಡತದ ಹಾಳೆ ಕೇಳಿದರು. ಕಚೇರಿ ಕೊಟ್ಟಿತು. ಅದರಲ್ಲಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ಗೇಟು ಎತ್ತಿದ ಸಾಲಿತ್ತು. ಸೈರನ್ನಿನ ಮೂರು ಸಾಲುಗಳು ಅದರ ಕೆಳಗೆ ಮೂರು ಗಂಟೆ ಎರಡು ನಿಮಿಷಕ್ಕೆ ಇದ್ದವು. ಗೇಟು ಕಾಯುತ್ತಿದ್ದ ವೊರ್ಕಿನೆ ಮೊದಲು ನೀರು ಬಿಟ್ಟು, ತಪ್ಪು ಗೊತ್ತಾದ ಮೇಲೆ ಗಾಬರಿಯಲ್ಲಿ ಸೈರನ್ ಕೂಗಿಸಿದ ಎಂದು ವರದಿ ಬರೆದು ಹೋದರು. ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವನನ್ನು ಮನೆಗೆ ಕಳಿಸಿದರು. ಸೆರೆಗೆ ಹಾಕಲಿಲ್ಲ. ಆದರೆ ಇಗರ್ಜಿಯ ಅಂಗಳದಲ್ಲಿ ಅವನು ನಿಂತ ಕಡೆ ಜನ ನಿಲ್ಲುತ್ತಿರಲಿಲ್ಲ. ಅವನ ಹೆಂಡತಿ ಕಾಫಿ ಹುರಿದರೆ ಹೊಗೆ ಬೇಲಿ ದಾಟಿ ಹೋಗುತ್ತಿತ್ತು, ಬೇಲಿ ದಾಟಿ ಯಾರೂ ಬರುತ್ತಿರಲಿಲ್ಲ.

ಹನ್ನೆರಡನೆಯ ತಿಂಗಳು ನೆಹಾಸೆ ಮುಗಿಯಲು ನಾಲ್ಕು ದಿನ ಇರುವಾಗ ಅವನು ನನ್ನ ಮನೆಗೆ ಬಂದ. ಒಳಗೆ ಬನ್ನಿ ಎಂದರೂ ಬಾರದೆ ಹೊಸ್ತಿಲ ಮೇಲೆ ಕೂತ. ಮುಂದಿನ ರೂಫಾಯೆಲ್ ದಿನ ಅತ್ಸೆದೆಯ ವರ್ಷದ ಸ್ಮರಣೆ. ಅಲ್ಲಿಗೆ ಹೋಗಿ ನಿಲ್ಲಬೇಕೆಂಬುದೊಂದೇ ಅವನ ಆಸೆ. ವಿಚಾರಣೆಯವರಿಗೆ ಹೇಳಿದ್ದನ್ನೇ ನನಗೂ ಹೇಳಿದ. ಮೂರು ಸಲ ಕೂಗಿಸಿದೆ, ಕಾದೆ, ಆಮೇಲೆ ಎತ್ತಿದೆ.

"ಆ ಸೈರನ್ ನನ್ನ ಹಾಗೇ ಮುದಿ ಮಗಳೇ. ಒಂದು ಸಲ ಕೂಗಿದ್ರೆ ಉಸಿರು ತುಂಬ್ಕೊಳ್ಳೋಕೆ ಹತ್ತು ನಿಮಿಷ ಬೇಕು. ಒಂದೇ ನಿಮಿಷದಲ್ಲಿ ಮೂರು ಸಲ ಕೂಗಿತಂತೆ. ಓದಿದವರು ಬರ್ಕೊಂಡ್ರು, ಓದಿದವರು ನಂಬಿದ್ರು. ನೀನೊಂದ್ಸಲ ನೋಡು."

ರೂಫಾಯೆಲ್ ದಿನಕ್ಕೆ ಮುಂಚೆ ಆ ಸಾಲುಗಳು ಹೇಗೆ ನಡೆದವೋ ಹಾಗೇ ಜೋಡಿಸಿ ಕೊಡುತ್ತೇನೆ ಎಂದು ಮಾತು ಕೊಟ್ಟೆ. ಹಾಗೆ ಕೊಡುವಾಗಲೂ ತಪ್ಪು ಅವನದೇ ಇರಬಹುದು ಎಂಬ ಗುಮಾನಿ ನನ್ನ ಮನಸ್ಸಿನ ಮೂಲೆಯಲ್ಲಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಮಾರನೆಯ ದಿನ ಹಾಳೆ ಹರಡಿ ಕೂತೆ. ಸೈರನ್ನಿನ ಮೂರು ಸಾಲಿಗೂ ಒಂದೇ ನಿಮಿಷ. ಹಿಂದಿನ ತಿಂಗಳುಗಳನ್ನು ತೆಗೆದು ನೋಡಿದರೆ ಎಲ್ಲ ಕಡೆ ಹತ್ತು ಹತ್ತು ನಿಮಿಷದ ಅಂತರ ಸರಿಯಾಗಿ ಇತ್ತು. ಪಾಗುಮೆಯಲ್ಲಿ ಮಾತ್ರ ಹೀಗೆ. ಆಗ ನನ್ನ ಪ್ರೋಗ್ರಾಂ ತೆರೆದೆ. ನಾಲ್ಕು ವರ್ಷದಿಂದ ಅದರೊಳಗೆ ಇಣುಕಿರಲಿಲ್ಲ.

ಅಲ್ಲಿ ಇಪ್ಪತ್ತೆರಡು ವರ್ಷದ ಬಿರ್ತುಕಾನ್ ಎಂಬ ಹುಡುಗಿ, ಅಂದಿನ ನಾನು, ಬರೆದಿದ್ದಳು: ತಿಂಗಳ ಸಂಖ್ಯೆ ಒಂದರಿಂದ ಹನ್ನೆರಡರೊಳಗಿದ್ದರೆ ಸಾಲಿನ ಮೇಲಿನ ಹೊತ್ತನ್ನು ನಂಬು. ಇಲ್ಲದಿದ್ದರೆ ಅದು ಕೆಟ್ಟ ತಾರೀಖು, ಅದನ್ನು ಬಿಟ್ಟು ಸಾಲು ಕಚೇರಿಗೆ ಬಂದು ಮುಟ್ಟಿದ ಹೊತ್ತನ್ನೇ ಬರೆ.

ಹೊರದೇಶದ ಮಾದರಿಯೊಂದನ್ನು ನೋಡಿ ಬರೆದದ್ದು. ಅವರಿಗೆ ಹನ್ನೆರಡೇ ತಿಂಗಳು. ಆದರೆ ನಾನು ಹುಟ್ಟಿದ್ದು ಹದಿಮೂರು ತಿಂಗಳ ನಾಡಿನಲ್ಲಿ, ನೆರಿಗೆ ಸಾಲದ ಹುಡುಗಿಯ ಕತೆ ಕೇಳುತ್ತ. ಹನ್ನೆರಡೂ ತಿಂಗಳ ಸಾಲು ಹಾಕಿ ಪರೀಕ್ಷೆ ಮಾಡಿದ್ದೆ. ಆ ಐದು ದಿನ ಹಬ್ಬದ ಗಡಿಬಿಡಿ, ಕಚೇರಿ ಅರ್ಧ ಖಾಲಿ. ಯಾರ ಲೆಕ್ಕಕ್ಕೂ ಬಾರದ ದಿನಗಳು. ನನ್ನ ಲೆಕ್ಕಕ್ಕೂ ಬರಲಿಲ್ಲ. ಗೇಟಿನ ಮನೆಯ ತಂತಿ ಅಂದು ಚೆನ್ನಾಗಿತ್ತು, ಅದರ ಸಾಲು ಆಗಿಂದಾಗಲೇ ಬಂದು ಮುಟ್ಟಿತು. ಗುಡ್ಡದ ತಂತಿ ಸಿಡಿಲಿಗೆ ಕೆಟ್ಟು ಮತ್ತೆ ಸರಿಯಾದಾಗ ಅಲ್ಲಿ ಕಾದು ಕೂತಿದ್ದ ಮೂರು ಸಾಲುಗಳು ಒಟ್ಟಿಗೇ ಇಳಿದು ಬಂದವು. ಬಾಗಿಲಲ್ಲಿದ್ದ ಕಾವಲುಗಾರ ಖಾಲಿ ಇದ್ದ ಕಡೆ ಕೂರಿಸಿದ.

ಎರಡು ದಿನ ಅದನ್ನೇ ಮತ್ತೆ ಮತ್ತೆ ಪರೀಕ್ಷಿಸಿ, ಆಮೇಲೆ ಕಚೇರಿಯಲ್ಲಿ ಹೇಳಿದೆ.

ಕಚೇರಿಯ ಮುಖ್ಯಸ್ಥರಾದ ಅತೊ ದೆಗಿಫೆ ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ಒರೆಸಿದರು. ಕೆಟ್ಟವರಲ್ಲ ಅವರೂ. "ಪಾಗುಮೆಗೆ ನಮಗೇ ಸಂಬಳ ಇಲ್ಲ, ನಿನ್ನ ಪ್ರೋಗ್ರಾಂ ಯಾಕೆ ದುಡೀಬೇಕಿತ್ತು ಬಿಡು" ಎಂದು ನಗಿಸಲು ನೋಡಿದರು. ನಾನು ನಗಲಿಲ್ಲ. ಆಮೇಲೆ ಮೆತ್ತಗೆ ತಿಳಿಹೇಳಿದರು. ಮುಂದಕ್ಕೆ ಸರಿಮಾಡು, ಹಿಂದಿನದನ್ನು ಮುಟ್ಟಬೇಡ, ವರದಿ ಮುಚ್ಚಿದೆ, ತೆರೆದರೆ ಮೊದಲು ಬರುವುದು ನಿನ್ನ ಹೆಸರೇ ಎಂದರು. ಅದೂ ಅಲ್ಲದೆ ಮೂಲ ಸಾಲುಗಳಿಲ್ಲದೆ ಯಾರು ನಂಬುತ್ತಾರೆ? ಕಚೇರಿಯ ಕಡತದಲ್ಲಿ ಉಳಿದದ್ದು ಬಂದು ಮುಟ್ಟಿದ ಹೊತ್ತು ಮಾತ್ರ. ನಿಜವಾದ ಹೊತ್ತನ್ನು ನಾನೇ ಎಸೆದಿದ್ದೆ.

ಮೂಲ ಇದ್ದರೆ ಸೈರನ್ ಮನೆಯಲ್ಲೇ ಇರಬೇಕು. ಅಲ್ಲಿನ ಹಳೆಯ ಯಂತ್ರ ತಿಂಗಳಿಗೊಂದರಂತೆ ಹದಿಮೂರು ಕಡತ ಇಟ್ಟುಕೊಳ್ಳುತ್ತದೆ. ಹೊಸ ವರ್ಷದ ತಿಂಗಳು ಬಂದಾಗ ಹಳೆಯ ವರ್ಷದ ಅದೇ ತಿಂಗಳ ಮೇಲೆ ಬರೆಯುತ್ತದೆ. ಅದನ್ನು ಕೂರಿಸಿದವರು ಯಾರೋ, ಪಾಗುಮೆಯನ್ನು ಮರೆತಿರಲಿಲ್ಲ. ಆದರೆ ನಾಳಿದ್ದು ಸೂರ್ಯ ಹುಟ್ಟಿದರೆ ಈ ವರ್ಷದ ಪಾಗುಮೆ ಶುರು. ಅದರ ಮೊದಲ ಸಾಲು ಬಿದ್ದ ಕೂಡಲೇ ಹೋದ ವರ್ಷದ್ದು ಅಳಿಸಿಹೋಗುತ್ತದೆ.

ನೆಹಾಸೆಯ ಕೊನೆಯ ದಿನ ಬೆಳಿಗ್ಗೆ ವೊರ್ಕಿನೆಯನ್ನು ಕರೆದುಕೊಂಡು ಗುಡ್ಡ ಹತ್ತಿದೆ. ದಾರಿಯೆಲ್ಲ ಕೆಸರು. ಅವನು ಕೋಲೂರಿ ಮುಂದೆ, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ. ಅರ್ಧ ದಾರಿಯಲ್ಲಿ ತಡೆಯಲಾರದೆ ಹೇಳಿಬಿಟ್ಟೆ, ತಪ್ಪು ನನ್ನದು ಎಂದು. ಹನ್ನೆರಡರ ವಿಷಯವನ್ನೂ ಹೇಳಿದೆ. ಅವನು ನಿಂತ, ತಿರುಗಲಿಲ್ಲ.

"ನಾಲ್ಕು ದಿನದಿಂದ ಗೊತ್ತಾ ನಿನಗೆ?"

"ಮೂರು ದಿನದಿಂದ, ಗಾಶೆ" ಎಂದೆ, ಹಿರಿಯರನ್ನು ಕರೆಯುವ ಮಾತಿನಲ್ಲೇ.

"ನನಗೆ ಒಂದು ವರ್ಷದಿಂದ ಗೊತ್ತು, ನಾನು ಮಾಡಿಲ್ಲ ಅಂತ. ನಡಿ. ಕಾಲು ಜಾರೀತು, ನೋಡ್ಕೊಂಡು ಬಾ."

ಅಷ್ಟೇ. ಅವನು ಬೈದಿದ್ದರೆ ಆ ಏರು ಅಷ್ಟು ಕಡಿದಾಗಿ ಇರುತ್ತಿರಲಿಲ್ಲವೇನೋ.

ಸೈರನ್ ಮನೆಯ ಕಂಪ್ಯೂಟರಿನ ಮೇಲೆ ಹಲ್ಲಿಯ ಹಿಕ್ಕೆ, ಒಳಗೆ ಹದಿಮೂರು ಕಡತ. ಕೊನೆಯದನ್ನು ತೆರೆದೆ. ಮೂರನೆಯ ದಿನ. ಎರಡು ಗಂಟೆ ಐದು ನಿಮಿಷ, ಸೈರನ್. ಎರಡು ಹದಿನೈದು, ಸೈರನ್. ಎರಡು ಇಪ್ಪತ್ತೈದು, ಸೈರನ್. ಕಚೇರಿಗೆ ದಾರಿ ಸಿಗಲಿಲ್ಲ ಎಂದು ಒಂದೊಂದರ ಕೆಳಗೂ ಬರೆದಿತ್ತು. ಮೂರು ಗಂಟೆ ಎರಡು ನಿಮಿಷ: ದಾರಿ ಸಿಕ್ಕಿತು, ಸಾಲುಗಳನ್ನು ಕಳಿಸಿದೆ. ನಾನು ಗಟ್ಟಿಯಾಗಿ ಓದಿದೆ. ವೊರ್ಕಿನೆ ಗೋಡೆಗೆ ಒರಗಿ, ಒಂದೊಂದು ಸಾಲಿಗೂ ಒಂದೊಂದು ಬೆರಳು ಮಡಚುತ್ತ ಕೇಳಿದ. ಗೇಟು ಎತ್ತಿದ್ದು ಎರಡು ನಲವತ್ತಕ್ಕೆ. ಕಾಲು ಗಂಟೆ, ಒಂದು ನಿಮಿಷ ಹೆಚ್ಚಿಲ್ಲ ಕಡಿಮೆಯಿಲ್ಲ.

ಕಡತವನ್ನು ನಕಲು ಮಾಡಿಕೊಂಡೆ. ಮೊದಲು ಇದನ್ನು ಅಲ್ಗಾನೆಶ್‌ಗೆ ಓದಿ ಹೇಳಬೇಕು, ಕಚೇರಿ ಆಮೇಲೆ ಎಂದ ವೊರ್ಕಿನೆ. ತಾನು ಬರಲಿಲ್ಲ.

ಪಾಗುಮೆಯ ಮೊದಲ ದಿನ ಮಧ್ಯಾಹ್ನ ಅವಳ ಮನೆಗೆ ಹೋದೆ. ನೆಲಕ್ಕೆ ಹಸಿ ಹುಲ್ಲು ಹಾಸಿ ಕಾಫಿ ಹುರಿಯುತ್ತಿದ್ದಳು. ಅಬೋಲ್ ಕುಡಿಯುವಾಗ ನನ್ನ ತಪ್ಪು ಹೇಳಿದೆ. ತೋನಾ ಕುಡಿಯುವಾಗ ಸಾಲುಗಳನ್ನು ಓದಿದೆ. ಅವಳು ಅಳುತ್ತಾಳೆ, ಇಲ್ಲವೇ ಎದ್ದು ಹೋಗೆನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಬರಕಾ ಬಗ್ಗಿಸಲೇ ಇಲ್ಲ. ಕಾಫಿಯ ಹೂಜಿ ಜೆಬೆನಾದ ಕುತ್ತಿಗೆ ಹಿಡಿದು ಹಾಗೇ ಕೂತಳು.

"ಎರಡು ಕೇಳಿಸ್ತು ನನಗೆ" ಅಂದಳು.

ಯಾವ ಎರಡು ಎಂದು ಅವಳೇ ಹೇಳಿದಳು. ಅಂದು ಗುಡುಗು ಎಡೆಬಿಡದೆ ಹೊಡೆಯುತ್ತಿತ್ತು, ಮಕ್ಕಳ ಕೂಗು ಬೇರೆ. ಅದರ ನಡುವೆ ಎರಡು ಕೂಗು ಕೇಳಿಸಿತ್ತು. ಅತ್ಸೆದೆ ಹೋಗೋಣ ಅಂದಿದ್ದಳು. ಈಗ ತೋನಾ ಆಯ್ತು, ಬರಕಾ ಇನ್ನೂ ಇದೆ, ಕೂತ್ಕೊ, ಬೆನ್ನು ತಿಕ್ಕು ಎಂದು ಅಲ್ಗಾನೆಶಳೇ ಕೂರಿಸಿದ್ದಳು. ಗುಡುಗಿನಲ್ಲಿ ಕಳೆದುಹೋದದ್ದು ಮೊದಲನೆಯದು. ಅವಳು ತೋನಾ ಎಂದು ಎಣಿಸಿದ್ದೇ ಬರಕಾ.

"ಕಾಗದ ಬಂತು. ಸೈರನ್ ಆಮೇಲೆ ಕೂಗಿದ್ದು ಅಂತು. ಹಾಗಾದ್ರೆ ನನ್ನ ಕಿವಿ ಸುಳ್ಳು ಅಂದ್ಕೊಂಡೆ. ಹಾಗೆ ಅಂದ್ಕೊಂಡ್ರೆ ನಿದ್ದೆ ಬರ್ತಿತ್ತು. ಒಂದು ವರ್ಷ ಆ ಮುದುಕನ ತಪ್ಪು ಅನ್ನೋದರ ಮೇಲೆ ತಲೆಯಿಟ್ಟು ಮಲಗಿದೀನಿ ನಾನು."

ಮೊದಲನೆಯದು ಕೇಳಿಸದಿದ್ದದ್ದು ಅವಳ ತಪ್ಪಲ್ಲ ಎಂದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ನಿನ್ನ ಹನ್ನೆರಡೂ ನಿನ್ನ ತಪ್ಪಲ್ಲ ಅಂತ ಯಾರಾದರೂ ಅಂದರೆ ನಿನಗೆ ನಿದ್ದೆ ಬರುತ್ತದಾ ಎಂದು ಕೇಳಿದಳು. ಆಮೇಲೆ ಮೂರನೆಯ ಸುತ್ತು ಬಗ್ಗಿಸಿದಳು. ಕಾಫಿ ನೀರಾಗಿತ್ತು. ಇಬ್ಬರೂ ಪೂರ್ತಿ ಕುಡಿದೆವು.

ಎರಡನೆಯ ದಿನ ಬೆಳಿಗ್ಗೆ ಕಚೇರಿಯಲ್ಲಿ ಪ್ರೋಗ್ರಾಂನ ಹನ್ನೆರಡನ್ನು ಹದಿಮೂರು ಮಾಡಿದೆ. ಒಂದೇ ಒಂದು ಅಂಕಿ. ಗುಡ್ಡದಿಂದ ತಂದ ಕಡತವನ್ನೂ ಕಚೇರಿಯಲ್ಲಿ ಉಳಿದಿದ್ದ ಗೇಟಿನ ಸಾಲನ್ನೂ ಅದರ ಮುಂದಿಟ್ಟೆ. ಸಾಲುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಹೊಸ ಹಾಳೆಯ ಕೆಳಗೆ ಹಳೆಯ ಹಾಳೆ ಯಾಕೆ ತಪ್ಪಿತು, ತಪ್ಪಿಸಿದವರು ಯಾರು ಎಂದು ಬರೆದು ನನ್ನ ಹೆಸರು ಹಾಕಿದೆ. ಅತೊ ದೆಗಿಫೆ ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು.

ಅಷ್ಟರಲ್ಲಿ ಬಾಗಿಲಲ್ಲಿ ಅಲ್ಗಾನೆಶ್ ಬಂದು ನಿಂತಳು. ಬಿಳಿ ಹೊದಿಕೆಯ ಅಂಚು ಒದ್ದೆಯಾಗಿತ್ತು. ಅವಳ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ ವೊರ್ಕಿನೆ. ನಾಳಿನ ಸ್ಮರಣೆಗೆ ಬಾ ಎಂದು ಹೇಳಿ ಅವಳೇ ಹೋಗಿ ಕರೆದುಕೊಂಡು ಬಂದಿದ್ದಳು.

"ನನ್ನ ಮಾತೂ ಅದರ ಜಾಗದಲ್ಲಿ ಬರ್ಕೊ" ಅಂದಳು.

ಲಾಗ್ ಕಡತದಲ್ಲಿ ಯಂತ್ರದ ಮಾತಿಗಷ್ಟೇ ಜಾಗ. ಆದ್ದರಿಂದ ಹಾಳೆಯ ಮೇಲೆ ಕೈಯಿಂದ ಬರೆದೆ, ಮೂರನೆಯ ಸೈರನ್ನಿಗೂ ಗೇಟಿಗೂ ನಡುವೆ ಇದ್ದ ತೆರವಿನಲ್ಲಿ: ಎರಡು ಕೂಗು ಕೇಳಿಸಿತು, ಇನ್ನೊಂದು ಇದೆ ಎಂದು ತಂಗಿಗೆ ಹೇಳಿದೆ. ಅವಳು ಅದರ ಮುಂದೆ ಹೆಬ್ಬೆಟ್ಟು ಒತ್ತಿದಳು. ಅತೊ ದೆಗಿಫೆ ಸಹಿ ಮಾಡಿ ಮೊಹರು ಹಾಕಿದರು. ಕಚೇರಿಯ ಹೊರಗೆ ಹಳೆಯ ವರದಿ ತೂಗುತ್ತಿದ್ದ ಹಲಗೆಯಿಂದ ಅದನ್ನು ಕಿತ್ತು, ಅದೇ ಮೊಳೆಗಳಿಂದ ಇದನ್ನು ಜಡಿದೆ.

ವೊರ್ಕಿನೆ ಹತ್ತಿರ ಬಂದು, ಮೇಲಿನ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದಾಗಿ ಕೆಳಗಿನವರೆಗೆ ಓದಿದ.