ಮಾಡಿನ ಕೆಳಗೆ ಆಡದ ಶಬ್ದ

ಚಂಪಕ್ಕ ಕೊಟ್ಟ ಶಬ್ದವನ್ನು ನಿಘಂಟಿನಿಂದ ತೆಗೆದುಹಾಕಿದರು.

ಕೊನೆಯ ಕರಡಚ್ಚಿನಲ್ಲಿ ಅದರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ಸಂಪಾದಕ ತಾರಾನಾಥರ ದುಂಡಗಿನ ಅಕ್ಷರ: ಆಧಾರವಿಲ್ಲ. ಆ ಶಬ್ದ ಸಂಗ್ರಹಿಸಿ ತಂದ ಪ್ರಣೀತಾ ಹಾಳೆ ಹಿಡಿದು ಅವರ ಮೇಜಿನ ಮುಂದೆ ನಿಂತಳು. ಮಣಿಪಾಲದ ಈ ಹಂಚಿನ ಬಾಡಿಗೆ ಮನೆಯಲ್ಲೇ ಕರಾವಳಿಯ ಆಡುಮಾತಿನ ನಿಘಂಟು ತಯಾರಾಗುತ್ತಿತ್ತು. ಬಲೆಯ ಗಂಟುಗಳಿಗೆ, ಕೋಳಿ ಅಂಕದ ಹುಂಜಗಳ ಬಣ್ಣಗಳಿಗೆ ಅದರಲ್ಲಿ ಪುಟಗಟ್ಟಲೆ ಜಾಗ ಸಿಕ್ಕಿತ್ತು.

"ಆಧಾರ ಇಲ್ಲ ಅಂದ್ರೆ ಎಂತ ಸರ್? ಚಂಪಕ್ಕ ಹೇಳಿದ್ದುಂಟಲ್ಲ."

"ಒಬ್ಬಳು ಹೇಳಿದ್ರೆ ಶಬ್ದ ಆಗ್ತದಾ ಮಾರಾಯ್ತಿ? ಹರ್ಷಿತ್ ಮಟ್ಟುವಿಗೆ ಹೋದ, ಕಾರ್ಕಳಕ್ಕೆ ಹೋದ. ಹೆಂಗಸರನ್ನು ಚಾವಡಿಗೆ ಕರೆಸಿಯೇ ಕೇಳಿದ್ದಾನೆ. ಎಲ್ಲರೂ ಗೊತ್ತಿಲ್ಲ ಅಂದ್ರು."

ಅನ್ನದೆ ಏನು ಮಾಡಿಯಾರು? ಒಂದು ಕಡೆ ಮಾವ, ಇನ್ನೊಂದು ಕಡೆ ಗಂಡ, ನಡುವೆ ಸಹೋದ್ಯೋಗಿ ಹರ್ಷಿತನ ಮೊಬೈಲು. ಅವನು ಆ ಶಬ್ದವನ್ನೇ ಜೋರಾಗಿ ಓದಿ, "ಇದು ಗೊತ್ತುಂಟಾ?" ಎಂದನಂತೆ. ಮಟ್ಟುವಿನಲ್ಲಿ ಒಬ್ಬ ಬಸುರಿ ಕಿವಿ ಮುಚ್ಚಿಕೊಂಡು ಎದ್ದು ಒಳಗೆ ಹೋದಳೆಂದು ಅವನೇ ನಗುತ್ತಾ ಹೇಳಿದ್ದ. ಮಾಡಿನ ಕೆಳಗೆ, ಮನೆಯ ಸೂರಿನಡಿ, ಅದನ್ನು ಬಾಯಿಬಿಟ್ಟು ಆಡಿದರೆ ಆ ಮನೆಯ ತೊಟ್ಟಿಲು ಬರಿದಾಗುತ್ತದೆ ಎಂಬುದು ಅವನಿಗೆ ತಿಳಿಯದು. ಯಾರೂ ಹೇಳಿರಲಿಲ್ಲ. ಅವನು ಕೇಳಿರಲೂ ಇಲ್ಲ.

ಪ್ರಣೀತಾಳಿಗೆ ಹೇಳಿದವಳು ಎರ್ಮಾಳಿನ ಚಂಪಕ್ಕ. ಬಂಗುಡೆ ಮೀನು ಹೆಚ್ಚುತ್ತಾ ನಿಘಂಟಿಗೆ ಶಬ್ದ ಹೇಳುತ್ತಿದ್ದವಳನ್ನು ಪ್ರಣೀತಾ, ಪ್ರಶ್ನಾವಳಿಯಲ್ಲಿ ಇಲ್ಲದ್ದೊಂದನ್ನು ಕೇಳಿದ್ದಳು.

"ಹುಟ್ಟುವಾಗಲೇ ತೀರಿಕೊಂಡ ಮಗುವಿನ ತಾಯಿಯನ್ನು ಎಂತ ಅಂತ ಕರೆಯುವುದು, ಚಂಪಕ್ಕ?"

ಕತ್ತಿ ನಿಂತಿತು. ಚಂಪಕ್ಕ ಅವಳ ಮುಖವನ್ನೇ ನೋಡಿದಳು. ಕೈ ತೊಳೆದು, "ಬಾ," ಎಂದು ಕಡಲಬದಿಗೆ ನಡೆದಳು. ಮರಳಿಗೆ ಎಳೆದ ದೋಣಿಗಳನ್ನು ದಾಟಿ, ನೀರಿಗೆ ಮುಖ ಮಾಡಿ, ಪ್ರಣೀತಾ ಹಿಡಿದ ಮೊಬೈಲಿಗೆ ಆ ಶಬ್ದ ಹೇಳಿದಳು.

"ಬರಕೊ, ಬರೆದರೆ ಎಂತ ಆಗುವುದಿಲ್ಲ. ಮನೆಯೊಳಗೆ ಮಾತ್ರ ಆಡಬೇಡ. ನನಗೂ ಅದೇ ಹೆಸರು. ನನ್ನ ಮಗ ಸುಕೇಶ ಮೊದಲನೆಯವ ಅಂತ ಅವನಪ್ಪ ಹೇಳಿಕೊಂಡು ತಿರುಗುವುದು. ಪಾಪ, ಗಂಡಸರಿಗೆ ಒಂದರಿಂದ ಎಣಿಸಲಿಕ್ಕೆ ಬರುವುದಿಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ನಿನ್ನದು ಗಂಡಾ, ಹೆಣ್ಣಾ?"

ಪ್ರಣೀತಾಳಿಗೆ ಕಾಪುವಿನ ಗಂಡನ ಮನೆಯಲ್ಲಿ ಎಲ್ಲರೂ ಇನ್ನೊಂದು ಆಗ್ತದೆ ಬಿಡು ಎಂದಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಹೆಣ್ಣು," ಎಂದಳು ಪ್ರಣೀತಾ.

ಆಟಿ ತಿಂಗಳ ಮಳೆಯಲ್ಲಿ ಚಂಪಕ್ಕ ತೀರಿಕೊಂಡಳು. ದನಿ ಮೊಬೈಲಿನಲ್ಲಿ ಉಳಿಯಿತು. ಪ್ರಣೀತಾ ಅದನ್ನು ಮನೆಯೊಳಗೆ ಯಾವತ್ತೂ ಹಾಕಿದವಳಲ್ಲ. ಆದರೂ ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ, ಹಿತ್ತಿಲಿನಿಂದ ಯಾರೋ ಆ ಹೆಸರು ಹಿಡಿದು ತನ್ನನ್ನು ಕರೆದ ಹಾಗಾಗುತ್ತಿತ್ತು. ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲು, ಅದರ ಮೇಲೆ ಒದ್ದೆ. ಅಷ್ಟೇ. ಹೆದರಿಕೆಯಾಗುತ್ತಿರಲಿಲ್ಲ. ಕರೆಯದ ದಿನ ಹೆದರಿಕೆ.

"ಎಂತ ಆಲೋಚನೆ?" ತಾರಾನಾಥರು ಕನ್ನಡಕ ತೆಗೆದರು. ಕೆಟ್ಟವರಲ್ಲ. "ರೆಕಾರ್ಡಿಂಗ್ ಉಂಟಲ್ಲ, ಹಾಕು. ನಾನೇ ಕೇಳ್ತೇನೆ. ಸರಿ ಕಂಡ್ರೆ ಗೀಟು ಅಳಿಸಿದ್ರಾಯ್ತು."

ಇಲ್ಲಿಯೇ, ಈ ಹಂಚಿನ ಕೆಳಗೆ. ಒಂದು ಸಲ ಬೆರಳು ಒತ್ತಿದರೆ ಶಬ್ದ ಪುಸ್ತಕಕ್ಕೆ ಬರುತ್ತದೆ. ಅವಳು ಮೊಬೈಲು ತೆಗೆದಳು. ಪರದೆಯ ಮೇಲೆ ಎರ್ಮಾಳಿನ ಕಡಲ ಸದ್ದು ಸಣ್ಣ ಗೆರೆಯಾಗಿ ಏರಿಳಿದು ನಿಂತಿತ್ತು. ಗೋಡೆಯಾಚೆ, ಮಾಲಕರ ಮನೆಯಲ್ಲಿ ಬಾಣಂತಿ ಮಗಳು ಮಗುವನ್ನು ತಟ್ಟಿ ಮಲಗಿಸುತ್ತಿದ್ದಳು.

ಪ್ರಣೀತಾ ಬಾಗಿಲು ದಾಟಿದಳು. ಚಪ್ಪಲಿ ಮೆಟ್ಟದೆ ಅಂಗಳಕ್ಕೆ ಇಳಿದು, ಸೂರಿನ ನೆರಳು ಮುಗಿಯುವಲ್ಲಿಂದ ಒಂದು ಹೆಜ್ಜೆ ಆಚೆ ನಿಂತಳು. ಸಿಮೆಂಟು ಸುಡುತ್ತಿತ್ತು.

"ಹೊರಗೆ ಬನ್ನಿ ಸರ್. ಮಾಡಿನ ಕೆಳಗೆ ಅದನ್ನು ಆಡಬಾರದು. ಇಲ್ಲಿ ಹಾಕ್ತೇನೆ."

"ಈ ಬಿಸಿಲಿಗಾ? ನೀನು ಓದಿದವಳು, ನಿನಗೂ ಇದೆಲ್ಲ ಉಂಟಾ? ಸಂಜೆ ಪ್ರೆಸ್ಸಿನವರು ಕರಡು ಒಯ್ಯಲಿಕ್ಕೆ ಬರ್ತಾರೆ. ಸುಮ್ಮನೆ ಒಳಗೆ ಬಾ."

ಗೋಡೆಯಾಚೆಯ ತಟ್ಟುವ ಸದ್ದು ನಿಂತಿತು. ಮಗುವಿಗೆ ನಿದ್ದೆ ಬಂದಿರಬೇಕು.

"ಬರುವುದಿಲ್ಲ," ಎಂದಳು ಪ್ರಣೀತಾ, ಮೆಲ್ಲಗೆ.